ಎರಡು ವರ್ಷದ ಹಿಂದೆ ಬಂದ ಬ್ಯಾಂಡ್ ಈಗ ಬರುತ್ತಿಲ್ಲ, ಪೋಸ್ಟ್‌ಡಾಕ್‌ಗೆ ಹೋಗಲಾ?

ಪ್ರಶ್ನೆ: ಕ್ಯಾನ್ಸರ್ ಕೋಶಗಳ ಮೇಲೆ ಕೆಲಸ ಮಾಡುವ ಲ್ಯಾಬ್ ಒಂದರಲ್ಲಿ ಪಿಎಚ್‌ಡಿ ಐದನೇ ವರ್ಷದಲ್ಲಿದ್ದೇನೆ. ಬೆಂಚ್ ಕೆಲಸ, ಅಂದರೆ ಕೈಯಾರೆ ಪ್ರಯೋಗ ಮಾಡುವುದು, ತುಂಬಾ ಇಷ್ಟ. ಅದಕ್ಕೇ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರ ಇನ್ನೊಂದು ಲ್ಯಾಬಿನಲ್ಲಿ ಮಾಡುವ ಸಂಶೋಧನಾ ಕೆಲಸ) ಮಾಡಿ ಮುಂದೆ ಸ್ವಂತ ಲ್ಯಾಬ್ ಕಟ್ಟಬೇಕು ಅಂತ ಆಸೆ. ದೊಡ್ಡ ಹೆಸರಿನ ಲ್ಯಾಬಿಗೇ ಹೋಗು ಅನ್ನುತ್ತಾರೆ ಗೈಡ್. ಸೀನಿಯರ್‌ಗಳು ನೊಬೆಲ್ ಪಡೆದ ವಿಜ್ಞಾನಿ ಕಾರಿಕೊ ಅವರ ಕತೆ ಹೇಳಿ ಹಟ ಬಿಡಬೇಡ ಅನ್ನುತ್ತಾರೆ, ಸ್ನೇಹಿತರು ಇದೆಲ್ಲ ಸಾಕು, ಕಂಪನಿ ಸೇರು ಅನ್ನುತ್ತಾರೆ. ಯಾರ ಮಾತು ಕೇಳಲಿ? ಇನ್ನೊಂದು ವಿಷಯ. ನನ್ನ ಪೇಪರಿನ ಮೊದಲ ಚಿತ್ರದಲ್ಲಿ ಒಂದು ವೆಸ್ಟರ್ನ್ ಬ್ಲಾಟ್ ಇದೆ, ಅಂದರೆ ಒಂದು ಪ್ರೋಟೀನ್ ಇದ್ದರೆ ಅದನ್ನು ಗೆರೆಯಂಥ ಬ್ಯಾಂಡ್ ಆಗಿ ತೋರಿಸುವ ಪರೀಕ್ಷೆ. ಒಂದು ಜೀನನ್ನು ತಗ್ಗಿಸಿದರೆ ಇನ್ನೊಂದು ಪ್ರೋಟೀನಿನ ಮೇಲೆ ಫಾಸ್ಫೇಟ್ ಹೆಚ್ಚಾಗುತ್ತದೆ ಅಂತ ಅದು ತೋರಿಸುತ್ತದೆ. ಎರಡು ವರ್ಷದ ಹಿಂದೆ ಮೂರು ಸಲ ಮಾಡಿದಾಗಲೂ ಬಂದಿತ್ತು. ಈಗ ನಾಲ್ಕು ಸಲ ಮಾಡಿದೆ, ಬರುತ್ತಿಲ್ಲ. ಪೇಪರ್ ಕಳಿಸುವ ದಿನ ಹತ್ತಿರ ಬಂದಿದೆ. ಗೈಡ್‌ಗೆ ಇನ್ನೂ ಹೇಳಿಲ್ಲ.

ಉತ್ತರ: "ಇನ್ನೊಂದು ವಿಷಯ" ಅಂತ ಕೊನೆಗೆ ಸೇರಿಸಿದ್ದೀರಲ್ಲ, ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ನಿಮ್ಮ ಪತ್ರದಲ್ಲಿ ಅದೇ ದೊಡ್ಡ ವಿಷಯ. ಪೋಸ್ಟ್‌ಡಾಕ್ ಪ್ರಶ್ನೆಗೂ ಅದಕ್ಕೂ ನೇರ ಸಂಬಂಧ ಇದೆ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಗೈಡ್‌ಗೆ ಹೇಳಿ. ಈ ವಾರವೇ ಹೇಳಿ. ಪೇಪರ್ ಕಳಿಸುವ ಮುಂಚೆ ಹೇಳಿದರೆ ಅದು ಒಂದು ಮೀಟಿಂಗಿನ ಮಾತು. ಕಳಿಸಿದ ಮೇಲೆ ಹೇಳಿದರೆ ಅದು ಎಡಿಟರ್‌ಗೆ ಬರೆಯುವ ಪತ್ರ. ಪ್ರಕಟ ಆದ ಮೇಲೆ ಹೊರಗೆ ಬಂದರೆ, ಪೇಪರನ್ನೇ ವಾಪಸ್ ತೆಗೆದುಕೊಳ್ಳುವ ಮಟ್ಟಕ್ಕೂ ಹೋಗಬಹುದು. ವಿಷಯ ಒಂದೇ, ತಡ ಮಾಡಿದಷ್ಟೂ ಭಾರ ಜಾಸ್ತಿ ಆಗುತ್ತಾ ಹೋಗುತ್ತದೆ.

ನೀವು ಇದನ್ನು ಒಬ್ಬರೇ ಎಷ್ಟು ದಿನದಿಂದ ಹೊತ್ತುಕೊಂಡಿದ್ದೀರೋ ಗೊತ್ತಿಲ್ಲ. ನಾಲ್ಕು ಸಲ ಬ್ಲಾಟ್ ಮಾಡಿದ್ದೀರಿ ಅಂದರೆ ಹತ್ತಿರ ಹತ್ತಿರ ಒಂದು ತಿಂಗಳು ಇರಬೇಕು. ಡಾರ್ಕ್ ರೂಮಿನಲ್ಲೋ ಇಮೇಜರ್ ಮುಂದೋ ನಿಂತು, ಎಕ್ಸ್‌ಪೋಶರ್ ಇನ್ನಷ್ಟು ಜಾಸ್ತಿ ಮಾಡಿ, ಈಗ ಕಾಣಿಸಬಹುದು ಈಗ ಕಾಣಿಸಬಹುದು ಅಂತ ಕಾಯುವ ಆ ಹೊತ್ತು ನನಗೆ ಚೆನ್ನಾಗಿ ಗೊತ್ತು. ಎದೆ ಹೊಡೆದುಕೊಳ್ಳುತ್ತಿರುತ್ತದೆ, ಪಕ್ಕದಲ್ಲಿ ಯಾರಾದರೂ ಹೇಗೆ ಬಂತು ಅಂತ ಕೇಳಿದರೆ ಬಾಯಿಗೆ ಏನೋ ಒಂದು ಉತ್ತರ ಬರುತ್ತದೆ. ಈ ಸ್ಥಿತಿಯಲ್ಲಿ ಐದನೇ ಸಲ ಅದನ್ನೇ ಮತ್ತೆ ಮಾಡಬೇಡಿ. ಐದನೇ ಸಲ ಬಂದುಬಿಟ್ಟರೆ ಆ ಒಂದನ್ನು ಇಟ್ಟುಕೊಂಡು ನಾಲ್ಕನ್ನು ಮರೆಯುವ ಆಸೆ ಆಗುತ್ತದೆ. ಅದು ಯಾರಿಗಾದರೂ ಆಗುತ್ತದೆ, ಪ್ರಾಮಾಣಿಕರಿಗೂ ಆಗುತ್ತದೆ.

ಅದರ ಬದಲು ಒಂದೇ ಒಂದು ಜೆಲ್ (ಬ್ಲಾಟಿನ ಮೊದಲ ಹಂತ) ಮಾಡಿ. ನಿಮ್ಮ ಮೈನಸ್ 80 ಫ್ರೀಜರಿನಲ್ಲಿ ಎರಡು ವರ್ಷದ ಹಿಂದಿನ ಲೈಸೇಟ್ (ಕೋಶಗಳನ್ನು ಒಡೆದು ತೆಗೆದ ದ್ರವ) ಸ್ವಲ್ಪವಾದರೂ ಉಳಿದಿರುತ್ತದೆ, ಹುಡುಕಿ. ಹಳೆಯ ಲೈಸೇಟ್, ಹೊಸ ಲೈಸೇಟ್ ಎರಡನ್ನೂ ಅಕ್ಕಪಕ್ಕದ ಲೇನ್‌ಗಳಲ್ಲಿ ಹಾಕಿ, ಒಂದೇ ಮೆಂಬ್ರೇನ್, ಪ್ರೋಟೀನನ್ನು ಗುರುತಿಸಿ ಅಂಟುವ ಒಂದೇ ಆಂಟಿಬಾಡಿ. ಹಳೆಯದರಲ್ಲಿ ಬ್ಯಾಂಡ್ ಬಂದು ಹೊಸದರಲ್ಲಿ ಬರದಿದ್ದರೆ ಆಂಟಿಬಾಡಿ ಸರಿಯಾಗಿದೆ, ಬದಲಾಗಿದ್ದು ನಿಮ್ಮ ಕೋಶಗಳು ಅಥವಾ ಲೈಸೇಟ್ ಮಾಡಿದ ರೀತಿ. ಎರಡರಲ್ಲೂ ಬರದಿದ್ದರೆ ಮೊದಲು ಆಂಟಿಬಾಡಿ ಮೇಲೆ ಅನುಮಾನ ಪಡಿ. ಟ್ಯೂಬಿನ ಮೇಲಿನ ಲಾಟ್ ನಂಬರ್ ನೋಡಿ, ಎರಡು ವರ್ಷದ ಹಿಂದೆ ನೋಟ್‌ಬುಕ್‌ನಲ್ಲಿ ಬರೆದಿದ್ದರ ಜೊತೆ ಹೋಲಿಸಿ. ಪಾಲಿಕ್ಲೋನಲ್ ಆಂಟಿಬಾಡಿ (ಪ್ರಾಣಿಯ ರಕ್ತದಿಂದ ತೆಗೆದ ಆಂಟಿಬಾಡಿಗಳ ಮಿಶ್ರಣ) ಆಗಿದ್ದರೆ ಒಂದು ಲಾಟ್ ಇದ್ದ ಹಾಗೆ ಇನ್ನೊಂದು ಇರಬೇಕು ಅಂತೇನೂ ಇಲ್ಲ, ಪ್ರಾಣಿ ಬದಲಾದರೆ ಆಂಟಿಬಾಡಿಯೂ ಬದಲಾಗುತ್ತದೆ. ಹಾಂ, ಫಾಸ್ಫೇಟ್ ನೋಡುವ ಬ್ಲಾಟ್ ಆದ್ದರಿಂದ ಇನ್ನೊಂದು ಎಚ್ಚರ. ಹಳೆಯ ಲೈಸೇಟ್ ಹಲವು ಸಲ ಕರಗಿಸಿ ಮತ್ತೆ ಫ್ರೀಜ್ ಮಾಡಿದ್ದರೆ, ಅಥವಾ ಮೊದಲೇ ಫಾಸ್ಫಟೇಸ್ ಇನ್ಹಿಬಿಟರ್ (ಫಾಸ್ಫೇಟ್ ಕಳಚುವ ಕಿಣ್ವಗಳನ್ನು ತಡೆಯುವ ರಾಸಾಯನಿಕ) ಹಾಕಿರದಿದ್ದರೆ, ಸಿಗ್ನಲ್ ಅಲ್ಲೇ ಹೋಗಿರಬಹುದು. ಫಾಸ್ಫೇಟ್ ಇರಲಿ ಬಿಡಲಿ, ಆ ಪ್ರೋಟೀನ್ ಒಟ್ಟು ಎಷ್ಟಿದೆ ಅಂತ ತೋರಿಸುವ ಬ್ಲಾಟ್ ಜೊತೆಗೆ ಇಲ್ಲದೆ ಏನನ್ನೂ ತೀರ್ಮಾನ ಮಾಡಬೇಡಿ.

ಕೋಶಗಳೇ ಬದಲಾಗಿವೆ ಅಂತಾದರೆ ನೋಡಬೇಕಾದ್ದು ಬಹಳ ಇದೆ. ಜೀನನ್ನು ತಗ್ಗಿಸಲು ಸ್ಟೇಬಲ್ ಸೆಲ್ ಲೈನ್ (ಆ ಬದಲಾವಣೆಯನ್ನು ಒಳಗೇ ಸೇರಿಸಿ ಬೆಳೆಸಿದ ಕೋಶಗಳ ವಂಶ) ಮಾಡಿಕೊಂಡಿದ್ದರೆ, ಪ್ಯಾಸೇಜ್ ಮೇಲೆ ಪ್ಯಾಸೇಜ್ ಮಾಡಿದಂತೆ, ಅಂದರೆ ಕೋಶಗಳನ್ನು ಹೊಸ ಪ್ಲೇಟಿಗೆ ದಾಟಿಸಿ ಬೆಳೆಸುತ್ತಾ ಹೋದಂತೆ, ಆ ಪರಿಣಾಮ ಸುಮ್ನೆ ಕಡಿಮೆ ಆಗುತ್ತಾ ಬರಬಹುದು. ಯಾಕೆಂದರೆ ಜೀನ್ ತಗ್ಗದ ಕೋಶಗಳು ಬೇಗ ಬೇಗ ಬೆಳೆದು ಉಳಿದವನ್ನು ಹಿಂದೆ ಹಾಕುತ್ತವೆ. ಆದ್ದರಿಂದ ಜೀನ್ ಈಗಲೂ ತಗ್ಗಿದೆಯಾ ಅಂತ ಮೊದಲು ನೋಡಿ. ಲಿಕ್ವಿಡ್ ನೈಟ್ರೋಜನ್ ಟ್ಯಾಂಕಿನಲ್ಲಿ ಮೈನಸ್ 196 ಡಿಗ್ರಿಯಲ್ಲಿ ಕೂತಿರುವ ನಿಮ್ಮ ಅತಿ ಹಳೆಯ ವಯಲ್ ತೆಗೆದು ಕರಗಿಸಿ, ಅದರಲ್ಲಿ ಒಮ್ಮೆ ಮಾಡಿ. ಮತ್ತೆ ಮೈಕೋಪ್ಲಾಸ್ಮಾ ಅನ್ನುವ ಸಣ್ಣ ಬ್ಯಾಕ್ಟೀರಿಯಾ ಸೇರಿಕೊಂಡಿದೆಯಾ ಅನ್ನುವ ಪರೀಕ್ಷೆ. ಇದನ್ನು ಎಷ್ಟೋ ಲ್ಯಾಬ್‌ಗಳು ಮುಂದೂಡುತ್ತವೆ. ಬೇರೆ ಬ್ಯಾಕ್ಟೀರಿಯಾ ಸೇರಿಕೊಂಡರೆ ಮರುದಿನವೇ ಮೀಡಿಯಾ (ಕೋಶಗಳನ್ನು ಬೆಳೆಸುವ ದ್ರವ) ಕಲಕಿ ಹೋಗಿ ಗೊತ್ತಾಗುತ್ತದೆ. ಮೈಕೋಪ್ಲಾಸ್ಮಾ ಹಾಗಲ್ಲ. ಅದಕ್ಕೆ ಕೋಶಭಿತ್ತಿಯೇ ಇಲ್ಲ, ಹಾಗಾಗಿ ನೀವು ಮೀಡಿಯಾಗೆ ಹಾಕುವ ಪೆನಿಸಿಲಿನ್ ಅದನ್ನು ಮುಟ್ಟುವುದಿಲ್ಲ. ಮೀಡಿಯಾ ತಿಳಿಯಾಗಿಯೇ ಇರುತ್ತದೆ, ಕೋಶಗಳು ಬೆಳೆಯುತ್ತಲೂ ಇರುತ್ತವೆ, ಒಳಗಿನ ಸಿಗ್ನಲಿಂಗ್ ಮಾತ್ರ ಏರುಪೇರಾಗಿರುತ್ತದೆ. ಡಿಎನ್‌ಎಗೆ ಅಂಟುವ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ನ್ಯೂಕ್ಲಿಯಸ್ ಹೊರಗೆ, ಕೋಶದ ಮೈಮೇಲೆಲ್ಲ ಸಣ್ಣ ಸಣ್ಣ ಚುಕ್ಕೆಗಳು ರವೆ ಚೆಲ್ಲಿದ ಹಾಗೆ ಕಾಣುತ್ತವೆ. ಪಿಸಿಆರ್‌ನಲ್ಲಿ ಇನ್ನೂ ಬೇಗ ಗೊತ್ತಾಗುತ್ತದೆ.

ಇನ್ನು ನಿಮ್ಮ ಸೆಲ್ ಲೈನ್ ನಿಜಕ್ಕೂ ಅದೇನಾ? ಇದು ತಮಾಷೆಯ ಪ್ರಶ್ನೆ ಅಲ್ಲ. 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಮಹಿಳೆಯ ಗರ್ಭಕಂಠದ ಗಡ್ಡೆಯಿಂದ, ಅವರನ್ನು ಕೇಳದೆ ತೆಗೆದ ಕೋಶಗಳೇ ಹೀಲಾ. 1966ರಲ್ಲಿ ಸ್ಟ್ಯಾನ್ಲಿ ಗಾರ್ಟ್ಲರ್ ಎಂಬ ತಳಿವಿಜ್ಞಾನಿ, ಬೇರೆ ಬೇರೆ ಅಂಗದ ಕೋಶಗಳು ಅಂತ ಎಲ್ಲರೂ ನಂಬಿದ್ದ ಹಲವು ಸೆಲ್ ಲೈನ್‌ಗಳು ನಿಜವಾಗಿ ಹೀಲಾ ಕೋಶಗಳೇ ಅಂತ ತೋರಿಸಿದರು. ಹುಡ್‌ನಲ್ಲಿ, ಅಂದರೆ ಕೋಶಗಳ ಕೆಲಸ ಮಾಡುವ ಶುದ್ಧ ಗಾಳಿಯ ಪೆಟ್ಟಿಗೆಯಲ್ಲಿ, ಎರಡು ಬಾಟಲಿ ಒಟ್ಟಿಗೆ ತೆರೆದಿಟ್ಟರೆ, ಒಂದೇ ಪಿಪೆಟ್ ಎರಡಕ್ಕೂ ಮುಳುಗಿದರೆ ಸಾಕು, ವೇಗವಾಗಿ ಬೆಳೆಯುವ ಕೋಶ ನಿಧಾನದ್ದನ್ನು ಕೆಲವೇ ವಾರಗಳಲ್ಲಿ ಮುಳುಗಿಸಿಬಿಡುತ್ತದೆ. ಗಾರ್ಟ್ಲರ್ ಹೇಳಿದ್ದನ್ನು ಆಗ ಎಷ್ಟೋ ಜನ ಒಪ್ಪಲಿಲ್ಲ. ತಪ್ಪು ಗುರುತಿನ ಕೋಶಗಳ ಮೇಲೆ ಆಮೇಲೂ ದಶಕಗಟ್ಟಲೆ ಪೇಪರ್‌ಗಳು ಬಂದವು, ಇವತ್ತಿಗೂ ಬರುತ್ತಿವೆ. ಕೋಶ ಯಾರದ್ದು ಅಂತ ಡಿಎನ್‌ಎಯಿಂದ ಗುರುತಿಸುವ ಎಸ್‌ಟಿಆರ್ ಪರೀಕ್ಷೆಗೆ ಒಂದು ಸ್ಯಾಂಪಲ್ ಕಳಿಸಿ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಪೋಸ್ಟ್‌ಡಾಕ್ ಎರಡನೇ ವರ್ಷದಲ್ಲಿ ಒಂದು ಪ್ರೋಟೀನ್ ಕೋಶದಲ್ಲಿ ಎಲ್ಲಿ ಹೋಗಿ ಕೂರುತ್ತದೆ ಅಂತ ನೋಡುತ್ತಿದ್ದೆ. ಆಂಟಿಬಾಡಿ ಚೆನ್ನಾಗಿ ಕೆಲಸ ಮಾಡುತ್ತಿತ್ತು, ಸರಿಯಾದ ಅಳತೆಯಲ್ಲೇ ಬ್ಯಾಂಡ್, ಚಂದದ ಚಿತ್ರಗಳು. ಎಂಟು ತಿಂಗಳ ಕೆಲಸ. ಆಮೇಲೆ ಆ ಜೀನನ್ನೇ ತೆಗೆದುಹಾಕಿದ ಇಲಿಯ ಕೋಶಗಳು ಇನ್ನೊಂದು ಲ್ಯಾಬಿನಿಂದ ಬಂದವು. ಕಂಟ್ರೋಲ್ ಅಂತ ಒಂದು ಲೇನ್‌ನಲ್ಲಿ ಹಾಕಿದೆ. ಆ ಲೇನ್ ಖಾಲಿ ಇರಬೇಕಿತ್ತು. ಬ್ಯಾಂಡ್ ಇತ್ತು. ಅದೇ ಜಾಗ, ಅಷ್ಟೇ ದಪ್ಪ. ಅಂದರೆ ಎಂಟು ತಿಂಗಳು ನಾನು ನೋಡಿದ್ದು ಬೇರೆ ಯಾವುದೋ ಪ್ರೋಟೀನನ್ನು. ಫಿಲ್ಮ್ ಕೈಯಲ್ಲಿ ಹಿಡಿದುಕೊಂಡು ಕಾರಿಡಾರಿನಲ್ಲಿ ಸುಮಾರು ಹೊತ್ತು ನಿಂತಿದ್ದೆ. ಆಮೇಲೆ ಬಾಸ್ ಬಾಗಿಲು ತಟ್ಟಿದೆ. ಅವರು ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದರು, ಒಂದು ನಿಮಿಷ ಮಾತಾಡಲಿಲ್ಲ. "ಈ ಆಂಟಿಬಾಡಿಯನ್ನು ಲ್ಯಾಬಿನಲ್ಲಿ ಇನ್ನು ಯಾರ‍್ಯಾರು ಬಳಸುತ್ತಿದ್ದಾರೆ?" ಅಂತ ಕೇಳಿದರು. ಅಷ್ಟೇ. ಮಧ್ಯಾಹ್ನ ಇನ್ನಿಬ್ಬರನ್ನು ಕರೆದು ನಾವು ನಾಲ್ಕೂ ಜನ ಒಟ್ಟಿಗೆ ಕೂತೆವು. ನನ್ನ ಎಂಟು ತಿಂಗಳು ಹೋಯಿತು, ಅವರಿಬ್ಬರದು ಉಳಿಯಿತು.

ಆ ಒಂದು ಮಧ್ಯಾಹ್ನದಲ್ಲಿ ನಾನು ಕಲಿತಿದ್ದು, ಆಮೇಲಿನ ಇಪ್ಪತ್ತು ಚಿಲ್ಲರೆ ವರ್ಷಗಳಲ್ಲಿ ಬೇರೆ ಯಾವುದರಿಂದಲೂ ಕಲಿಯಲಿಲ್ಲ ಅನ್ನಿಸುತ್ತದೆ. ಒಂದು ಲ್ಯಾಬ್ ಹೇಗಿದೆ ಅಂತ ತಿಳಿಯಬೇಕಾದರೆ ಅಲ್ಲಿ ಕೆಟ್ಟ ಸುದ್ದಿಗೆ ಏನಾಗುತ್ತದೆ ಅಂತ ನೋಡಬೇಕು. ಯಾವ ಜರ್ನಲ್‌ನಲ್ಲಿ ಪೇಪರ್ ಬರುತ್ತದೆ, ಎಷ್ಟು ಗ್ರ್ಯಾಂಟ್ ಇದೆ, ಎಷ್ಟು ಯಂತ್ರಗಳಿವೆ ಅನ್ನುವುದೆಲ್ಲ ಆಮೇಲೆ.

ಅದಕ್ಕೇ ನಿಮ್ಮ ಬ್ಲಾಟಿಗೂ ಪೋಸ್ಟ್‌ಡಾಕ್ ಪ್ರಶ್ನೆಗೂ ಸಂಬಂಧ ಇದೆ ಅಂದಿದ್ದು. ಗೈಡ್ ಹತ್ತಿರ ಹೋಗಿ ಹೇಳಿದಾಗ ಅವರು ಏನು ಮಾಡುತ್ತಾರೆ ಅಂತ ಗಮನಿಸಿ. ಮೊದಲ ಐದು ನಿಮಿಷದ ಮುಖ ನೋಡಬೇಡಿ. ಯಾರಿಗಾದರೂ ಬೇಸರ ಆಗುತ್ತದೆ, ಪಾಪ, ಅವರಿಗೂ ಗ್ರ್ಯಾಂಟ್ ವರದಿ ಕಳಿಸುವುದಿರಬಹುದು. ಒಂದೆರಡು ದಿನ ಬಿಟ್ಟು ಏನು ಹೇಳುತ್ತಾರೆ ಅನ್ನುವುದು ಮುಖ್ಯ. ನೋಟ್‌ಬುಕ್ ತರಿಸಿ ಜೊತೆಗೆ ಕೂತು ನೋಡಿದರೆ, ಆ ಚಿತ್ರ ಬಿಟ್ಟು ಪೇಪರ್ ನಿಲ್ಲುತ್ತದಾ ಅಂತ ಯೋಚಿಸಿದರೆ, ಅವರು ಕೊಡುವ ಪೋಸ್ಟ್‌ಡಾಕ್ ಸಲಹೆಯನ್ನೂ ನೀವು ನಂಬಬಹುದು. "ಹಳೆಯ ಮೂರು ಸಲ ಬಂದಿದೆಯಲ್ಲ, ಅದನ್ನೇ ಹಾಕು" ಅಂದರೆ ಆಗ ನಿಮ್ಮ ಥೀಸಿಸ್ ಕಮಿಟಿಯಲ್ಲಿ ನೀವು ನಂಬುವ ಒಬ್ಬರ ಹತ್ತಿರ ಹೋಗಿ ಮಾತಾಡಿ. ಏನು ಹೇಳಿದಿರಿ, ಯಾವ ದಿನ ಹೇಳಿದಿರಿ ಅಂತ ಬರೆದಿಟ್ಟುಕೊಳ್ಳಿ. ಹೇಳಿದ ಮೇಲೆ ಒಂದು ಸಣ್ಣ ಇಮೇಲ್ ಕೂಡ ಕಳಿಸಿ, ಇವತ್ತು ಮಾತಾಡಿದ್ದು ಇದು ಅಂತ. ಇದು ಯಾರ ಮೇಲೂ ದೂರು ಅಲ್ಲ, ನಿಮ್ಮ ನೆನಪಿಗೆ.

ಮತ್ತೆ ಇದು ನಿಮಗೊಬ್ಬರಿಗೇ ಆಗಿದ್ದು ಅಂತ ತಿಳಿಯಬೇಡಿ. 2012ರಲ್ಲಿ ಗ್ಲೆನ್ ಬೆಗ್ಲಿ ಮತ್ತು ಲೀ ಎಲಿಸ್ ನೇಚರ್ ಪತ್ರಿಕೆಯಲ್ಲಿ ಬರೆದ ಲೇಖನ ನಮ್ಮೆಲ್ಲರ ನಿದ್ದೆ ಕೆಡಿಸಿತ್ತು. ಆಮ್ಜೆನ್ ಕಂಪನಿಯ ತಂಡ ಕ್ಯಾನ್ಸರ್ ಸಂಶೋಧನೆಯಲ್ಲಿ ಹೆಸರು ಮಾಡಿದ 53 ಪೇಪರ್‌ಗಳನ್ನು ಮತ್ತೆ ಮಾಡಿ ನೋಡಲು ಹೋಗಿ, 6ರಲ್ಲಿ ಮಾತ್ರ ಮುಖ್ಯ ಫಲಿತಾಂಶ ಖಚಿತ ಆಯಿತು ಅಂತ ಅದರಲ್ಲಿತ್ತು. ಉಳಿದವರೆಲ್ಲ ಮೋಸ ಮಾಡಿದರು ಅಂತ ಇದರ ಅರ್ಥ ಅಲ್ಲ. ಎಷ್ಟೋ ಕಡೆ ನಿಮಗಾದ ಹಾಗೆಯೇ ಆಗಿರುತ್ತದೆ. ಮೂರು ಸಲ ಬಂತು, ನಾಲ್ಕನೆಯದು ಯಾರೂ ಮಾಡಲಿಲ್ಲ, ಅಥವಾ ಮಾಡಿದವರು ಬಾಯಿ ಬಿಡಲಿಲ್ಲ.

ಕೆಲವು ಸಲ ಈ ವ್ಯತ್ಯಾಸದೊಳಗೇ ಹೊಸ ವಿಷಯ ಅಡಗಿರುತ್ತದೆ ಅನ್ನುವುದನ್ನೂ ಮರೆಯಬೇಡಿ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಹೊಟ್ಟೆಯ ಒಳಪದರದ ಸ್ಯಾಂಪಲ್‌ಗಳಿಂದ ಒಂದು ಬ್ಯಾಕ್ಟೀರಿಯಾ ಬೆಳೆಸಲು ನೋಡುತ್ತಿದ್ದರು. ಮೂವತ್ತಕ್ಕೂ ಹೆಚ್ಚು ರೋಗಿಗಳ ಸ್ಯಾಂಪಲ್ ಹಾಕಿಯಾಯಿತು, ಏನೂ ಬೆಳೆಯಲಿಲ್ಲ. ಎರಡು ದಿನದಲ್ಲಿ ಏನೂ ಕಾಣದಿದ್ದರೆ ಪ್ಲೇಟ್ ಬಿಸಾಡುವುದು ಅಲ್ಲಿನ ರೂಢಿ. 1982ರ ಈಸ್ಟರ್ ರಜೆಯಲ್ಲಿ ಪ್ಲೇಟ್‌ಗಳು ಇನ್ಕ್ಯುಬೇಟರಿನಲ್ಲೇ ಉಳಿದವು, ರಜೆ ಮುಗಿಸಿ ಬಂದು ನೋಡಿದರೆ ಕಾಲೊನಿಗಳು ಬಂದಿದ್ದವು. ಆ ಬ್ಯಾಕ್ಟೀರಿಯಾ ನಿಧಾನವಾಗಿ ಬೆಳೆಯುವಂಥದ್ದು, ಅಷ್ಟೇ. ಅದೇ ಹೆಲಿಕೋಬ್ಯಾಕ್ಟರ್ ಪೈಲೋರಿ, 2005ರಲ್ಲಿ ಇಬ್ಬರಿಗೂ ನೊಬೆಲ್ ತಂದಿತು. ನಿಮ್ಮ ಹಳೆಯ ಪ್ರಯೋಗಕ್ಕೂ ಹೊಸದಕ್ಕೂ ನಡುವೆ ಮೀಡಿಯಾಗೆ ಹಾಕುವ ಸೀರಮ್ ಬದಲಾಯಿತಾ, ಕೋಶಗಳು ಪ್ಲೇಟ್ ತುಂಬಾ ಒತ್ತಾಗಿ ಬೆಳೆದಿದ್ದವಾ, ಎಷ್ಟು ಗಂಟೆಗೆ ತೆಗೆದಿರಿ ಅಂತ ಕೂತು ಪಟ್ಟಿ ಮಾಡಿ. ಕೋಶಗಳು ಎಷ್ಟು ಒತ್ತಾಗಿವೆ ಅನ್ನುವುದರ ಮೇಲೆ ಆ ಫಾಸ್ಫೇಟ್ ನಿಂತಿದೆ ಅಂತ ಗೊತ್ತಾದರೆ ನಿಮ್ಮ ಪೇಪರ್ ಇನ್ನೂ ಗಟ್ಟಿ ಆಗುತ್ತದೆ.

ಈಗ ಕಾರಿಕೊ ಅವರ ವಿಷಯ. ಅವರ ಮೇಲೆ ನನಗೆ ಅಪಾರ ಗೌರವ ಇದೆ. ಕಾಟಲಿನ್ ಕಾರಿಕೊ ಹಂಗೆರಿಯಿಂದ 1985ರಲ್ಲಿ ಅಮೆರಿಕಕ್ಕೆ ಹೋದವರು. ಪ್ರೋಟೀನ್ ಮಾಡಲು ಕೋಶಕ್ಕೆ ಸೂಚನೆ ಒಯ್ಯುವ ಎಂಆರ್‌ಎನ್‌ಎಯಿಂದ ಔಷಧ ಮಾಡಬಹುದು ಅಂತ ನಂಬಿ ಗ್ರ್ಯಾಂಟ್ ಮೇಲೆ ಗ್ರ್ಯಾಂಟ್ ಹಾಕಿದರು, ಸಿಗಲಿಲ್ಲ, 1995ರಲ್ಲಿ ಅವರ ಹುದ್ದೆಯನ್ನೇ ಕೆಳಗಿಳಿಸಿದರು. ಅವರು ಬಿಡಲಿಲ್ಲ. ಆಮೇಲೆ ಡ್ರೂ ವೈಸ್‌ಮನ್ ಜೊತೆ ಸೇರಿ, ಆರ್‌ಎನ್‌ಎಯ ಒಂದು ಅಕ್ಷರವನ್ನು ಸ್ವಲ್ಪ ಮಾರ್ಪಡಿಸಿದರೆ ದೇಹದ ರೋಗನಿರೋಧಕ ವ್ಯವಸ್ಥೆ ಅದರ ಮೇಲೆ ಉರಿದು ಬೀಳುವುದಿಲ್ಲ ಅಂತ 2005ರಲ್ಲಿ ತೋರಿಸಿದರು. ಕೋವಿಡ್ ಲಸಿಕೆಗಳು ಅದರ ಮೇಲೇ ನಿಂತವು. 2023ರಲ್ಲಿ ನೊಬೆಲ್ ಬಂತು.

ಈ ಕತೆಯನ್ನು ಹಟ ಬಿಡಬೇಡ ಅನ್ನುವುದಕ್ಕೆ ಹೇಳುವವರು ಡಗ್ಲಾಸ್ ಪ್ರಾಷರ್ ಕತೆಯನ್ನೂ ಹೇಳಬೇಕು ಅಂತ ನನ್ನ ಆಸೆ. ಜೆಲ್ಲಿ ಮೀನಿನ ಹಸಿರು ಹೊಳೆಯುವ ಪ್ರೋಟೀನಿದೆಯಲ್ಲ, ಜಿಎಫ್‌ಪಿ, ನಿಮ್ಮ ಲ್ಯಾಬಿನಲ್ಲೂ ದಿನಾ ಬಳಸುತ್ತಿರುತ್ತೀರಿ, ಅದರ ಜೀನನ್ನು ಮೊದಲು ಕ್ಲೋನ್ ಮಾಡಿ 1992ರಲ್ಲಿ ಪ್ರಕಟಿಸಿದವರು ಅವರು. ಅಷ್ಟರಲ್ಲಿ ಅವರ ಹಣ ಮುಗಿದಿತ್ತು, ಹೊಸ ಗ್ರ್ಯಾಂಟ್ ಸಿಗಲಿಲ್ಲ. ಕೇಳಿದ ಮಾರ್ಟಿನ್ ಚಾಲ್ಫಿ, ರೋಜರ್ ಚಿಯೆನ್ ಇಬ್ಬರಿಗೂ ಆ ಕ್ಲೋನನ್ನು ಕೊಟ್ಟು ಆ ಕೆಲಸ ಬಿಟ್ಟರು. 2008ರಲ್ಲಿ ಜಿಎಫ್‌ಪಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಚಾಲ್ಫಿ, ಚಿಯೆನ್ ಮತ್ತು ಆ ಪ್ರೋಟೀನನ್ನು ಮೊದಲು ಬೇರ್ಪಡಿಸಿದ ಒಸಾಮು ಶಿಮೊಮುರ ಹಂಚಿಕೊಂಡರು. ಆ ದಿನ ಪ್ರಾಷರ್ ಒಂದು ಕಾರ್ ಶೋರೂಮಿನಲ್ಲಿ ಗ್ರಾಹಕರನ್ನು ಕರೆದೊಯ್ಯುವ ವ್ಯಾನ್ ಓಡಿಸುತ್ತಿದ್ದರು. ಚಾಲ್ಫಿ, ಚಿಯೆನ್ ಇಬ್ಬರೂ ಪ್ರಾಷರ್ ಅವರನ್ನು ನೊಬೆಲ್ ಸಮಾರಂಭಕ್ಕೆ ಸ್ಟಾಕ್‌ಹೋಮ್‌ಗೆ ಕರೆಸಿಕೊಂಡರು, ಕೆಲವು ವರ್ಷ ಬಿಟ್ಟು ಚಿಯೆನ್ ಲ್ಯಾಬಿನಲ್ಲೇ ಕೆಲಸವೂ ಸಿಕ್ಕಿತು. ಪ್ರಾಷರ್ ಅವರಲ್ಲಿ ಏನು ಕಡಿಮೆ ಇತ್ತು? ಬುದ್ಧಿಯಾ, ಶ್ರಮವಾ, ಕೈಗುಣವಾ? ಯಾವುದೂ ಕಡಿಮೆ ಇರಲಿಲ್ಲ. ಈ ಕ್ಷೇತ್ರದಲ್ಲಿ ಇರಬೇಕೋ ಬೇಡವೋ ಅಂತ ಯೋಚಿಸುವವರು ಇಬ್ಬರನ್ನೂ ಒಟ್ಟಿಗೆ ನೆನಪಿಟ್ಟುಕೊಳ್ಳಬೇಕು. ಗೆದ್ದವರ ಹಟ ಕಾಣಿಸುತ್ತದೆ, ಅಷ್ಟೇ ಹಟ ಮಾಡಿ ನಿಂತುಹೋದವರದ್ದು ಕಾಣಿಸುವುದಿಲ್ಲ.

ಅಂಕಿ ಬೇಕಾದರೆ ಕೇಳಿ. ಪ್ರಪಂಚದಲ್ಲೇ ವೈದ್ಯಕೀಯ ಸಂಶೋಧನೆಗೆ ಅತಿ ಹೆಚ್ಚು ಹಣ ಕೊಡುವ ಸರ್ಕಾರಿ ಸಂಸ್ಥೆ ಅಮೆರಿಕದ ಎನ್‌ಐಎಚ್. ಅಲ್ಲಿ ಬಹಳ ವರ್ಷಗಳ ಕಾಲ ಸುಮಾರು ಐದು ಅರ್ಜಿಗೆ ಒಂದರಂತೆ ಗ್ರ್ಯಾಂಟ್ ಸಿಕ್ಕಿದೆ. ಲ್ಯಾಬ್ ನಡೆಸುವವರು ನೆಚ್ಚಿಕೊಂಡಿರುವ ಆರ್01 ಗ್ರ್ಯಾಂಟ್ ಮೊದಲ ಬಾರಿ ಸಿಗುವ ಸರಾಸರಿ ವಯಸ್ಸು 40 ದಾಟಿದೆ. ಬೇರೆ ಕಡೆ ನಿಯಮ ಬೇರೆ, ಹಣ ಬೇರೆ, ಆದರೆ ಪಿಎಚ್‌ಡಿ ಮಾಡಿದವರ ಸಂಖ್ಯೆಗೂ ಲ್ಯಾಬ್‌ಗಳ ಸಂಖ್ಯೆಗೂ ಇರುವ ಅಂತರ ಎಲ್ಲ ಕಡೆಯೂ ದೊಡ್ಡದೇ. ಲ್ಯಾಬ್ ನಡೆಸುವ ಒಬ್ಬ ಪಿಐ ತನ್ನ ಇಡೀ ಜೀವನದಲ್ಲಿ ಹತ್ತೋ ಇಪ್ಪತ್ತೋ ಜನಕ್ಕೆ ಪಿಎಚ್‌ಡಿ ಮಾಡಿಸುತ್ತಾರೆ, ಅವರ ಕುರ್ಚಿ ಮಾತ್ರ ಒಂದೇ. ಲೆಕ್ಕ ಇಷ್ಟೇ.

ಇದೆಲ್ಲ ಕೇಳಿದ ಮೇಲೂ ಮಾಡುತ್ತೇನೆ ಅನ್ನುತ್ತೀರಾದರೆ, ಇನ್ನೊಂದು ಪ್ರಶ್ನೆಗೆ ಉತ್ತರ ಕೊಟ್ಟುಕೊಳ್ಳಿ. ಬೆಂಚ್ ಕೆಲಸ ಇಷ್ಟ, ಅದಕ್ಕೇ ಸ್ವಂತ ಲ್ಯಾಬ್ ಬೇಕು ಅಂತ ಬರೆದಿದ್ದೀರಿ. ಈ ಎರಡರ ನಡುವೆ ನೀವು ಹಾಕಿರುವ "ಅದಕ್ಕೇ" ಸರಿಯಿಲ್ಲ. ಸ್ವಂತ ಲ್ಯಾಬ್ ಬಂದ ದಿನದಿಂದ ಬೆಂಚ್ ದೂರ ಆಗುತ್ತಾ ಹೋಗುತ್ತದೆ. ಮೊದಲ ಒಂದೆರಡು ವರ್ಷ ಪಿಪೆಟ್ ಹಿಡಿಯುತ್ತೀರಿ. ಆಮೇಲೆ ಗ್ರ್ಯಾಂಟ್ ಬರೆಯುವುದು, ವಿದ್ಯಾರ್ಥಿಗಳ ಡ್ರಾಫ್ಟ್ ತಿದ್ದುವುದು, ಎಥಿಕ್ಸ್ ಕಮಿಟಿಗೆ ಕಾಗದ ಕಳಿಸುವುದು, ಸೆಂಟ್ರಿಫ್ಯೂಜ್ ಕೆಟ್ಟರೆ ರಿಪೇರಿಗೆ ಯಾವ ಖಾತೆಯಿಂದ ಹಣ ಅಂತ ನೋಡುವುದು, ಇಬ್ಬರು ಒಂದೇ ಪ್ರಾಜೆಕ್ಟ್ ನನ್ನದು ಅಂದಾಗ ಕೂರಿಸಿ ಮಾತಾಡುವುದು. ನನಗೆ ಇದು ಇಷ್ಟ. ಒಬ್ಬ ವಿದ್ಯಾರ್ಥಿ ಬಾಗಿಲಲ್ಲಿ ನಿಂತು "ಏನೋ ವಿಚಿತ್ರ ಬಂದಿದೆ, ಒಂದ್ಸಲ ನೋಡ್ತೀರಾ?" ಅಂತ ಕೇಳುವ ಆ ಕ್ಷಣಕ್ಕೋಸ್ಕರ ಉಳಿದಿದ್ದೆಲ್ಲ ಮಾಡುತ್ತೇನೆ. ಆದರೆ ಹುಡ್ ಮುಂದೆ ಕೂತು, ಬ್ಲೋವರ್ ಸದ್ದಿನಲ್ಲಿ, ಯಾರ ಮಾತೂ ಕೇಳದೆ ಕೋಶಗಳನ್ನು ಪ್ಲೇಟ್ ಮಾಡುವ ಸುಖ ನನಗೆ ಈಗ ಇಲ್ಲ. ಅದು ಹೋಗುತ್ತದೆ ಅಂತ ನನಗೆ ಯಾರೂ ಮುಂಚೆ ಹೇಳಿರಲಿಲ್ಲ. ನಿಮಗೆ ಹೇಳುತ್ತಿದ್ದೇನೆ.

ನಿಮಗೆ ಬೇಕಾದ್ದು ಆ ಸುಖವೇ ಆಗಿದ್ದರೆ ಅದು ಸಿಗುವ ಜಾಗಗಳು ಬೇರೆ ಇವೆ. ಸ್ಟಾಫ್ ಸೈಂಟಿಸ್ಟ್ ಆಗಿ ಒಂದು ಲ್ಯಾಬಿನ ಬೆನ್ನೆಲುಬಾಗಿ ಇರಬಹುದು. ಮೈಕ್ರೋಸ್ಕೋಪಿ, ಫ್ಲೋ ಸೈಟೋಮೆಟ್ರಿ, ಮಾಸ್ ಸ್ಪೆಕ್ ನಡೆಸುವ ಕೋರ್ ಫೆಸಿಲಿಟಿಗಳಿವೆ, ಅಂದರೆ ಹಲವು ಲ್ಯಾಬ್‌ಗಳು ಹಂಚಿಕೊಳ್ಳುವ ಯಂತ್ರ ಕೇಂದ್ರಗಳು. ಅಲ್ಲಿ ಕೂತವರ ಕೈಯಲ್ಲಿ ಹತ್ತಾರು ಲ್ಯಾಬ್‌ಗಳ ಪ್ರಶ್ನೆಗಳು ಹಾದು ಹೋಗುತ್ತವೆ, ಒಳ್ಳೆಯ ಕೋರ್ ಮುಖ್ಯಸ್ಥರು ಇಲ್ಲದಿದ್ದರೆ ನಮ್ಮ ಎಷ್ಟೋ ಪೇಪರ್‌ಗಳು ಹುಟ್ಟುತ್ತಲೇ ಇರಲಿಲ್ಲ. ಕಂಪನಿ ಅಂದ ತಕ್ಷಣ ಮೂಗು ಮುರಿಯುವ ಹಳೆಯ ಅಭ್ಯಾಸ ನಮ್ಮ ಕ್ಷೇತ್ರದಲ್ಲಿದೆ, ಅದನ್ನು ತಲೆಗೆ ಹಾಕಿಕೊಳ್ಳಬೇಡಿ. ಆ 53 ಪೇಪರ್‌ಗಳನ್ನು ಮತ್ತೆ ಮಾಡಿ ನೋಡಿದವರೂ ಕಂಪನಿಯವರೇ ಅಲ್ವಾ? ಕಾರಿಕೊ ಕೂಡ 2013ರಲ್ಲಿ ಬಯೋಎನ್‌ಟೆಕ್ ಕಂಪನಿ ಸೇರಿದರು.

ಪೋಸ್ಟ್‌ಡಾಕ್ ಮಾಡುವುದೇ ಅಂತಾದರೆ ಲ್ಯಾಬ್ ಆರಿಸುವುದರ ಬಗ್ಗೆ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ದೊಡ್ಡ ಹೆಸರಿನ ಲ್ಯಾಬಿಗೇ ಹೋಗು ಅನ್ನುವುದರಲ್ಲಿ ಅರ್ಧ ಸತ್ಯ ಇದೆ. ಅಲ್ಲಿಂದ ಬಂದ ಅರ್ಜಿಯನ್ನು ಜನ ಎರಡನೇ ಸಲ ಓದುತ್ತಾರೆ, ಅದು ನಿಜ. ಇನ್ನರ್ಧ ಏನೆಂದರೆ, ಮೂವತ್ತು ಜನರ ಲ್ಯಾಬಿನಲ್ಲಿ ಬಾಸ್ ನಿಮ್ಮ ಜೊತೆ ಕೂತು ಡೇಟಾ ನೋಡುವುದು ತಿಂಗಳಿಗೆ ಒಮ್ಮೆ ಇದ್ದರೆ ಹೆಚ್ಚು. ಕೆಲವು ಕಡೆ ಒಂದೇ ಪ್ರಶ್ನೆಯನ್ನು ಇಬ್ಬರಿಗೆ ಕೊಟ್ಟು ಯಾರು ಮೊದಲು ಮುಗಿಸುತ್ತಾರೆ ನೋಡೋಣ ಅನ್ನುತ್ತಾರೆ. ಅಂಥ ಕಡೆ ಯಾರೂ ಕೆಟ್ಟ ಸುದ್ದಿ ಹೇಳುವುದಿಲ್ಲ, ಹೇಳಿದರೆ ಪಕ್ಕದವರು ಗೆಲ್ಲುತ್ತಾರೆ.

ಇಂಟರ್‌ವ್ಯೂಗೆ ಹೋದಾಗ ಅಲ್ಲಿನ ವಿದ್ಯಾರ್ಥಿಗಳ ಜೊತೆ ಊಟಕ್ಕೆ ಕೂರುತ್ತೀರಲ್ಲ, ಬಾಸ್ ಇರುವುದಿಲ್ಲ, ಆಗ ಒಂದು ಪ್ರಶ್ನೆ ಕೇಳಿ. "ಇಲ್ಲಿ ಕೊನೆಯ ಸಲ ಯಾರದ್ದಾದರೂ ರಿಸಲ್ಟ್ ರಿಪೀಟ್ ಆಗದಿದ್ದಾಗ ಏನಾಯಿತು?" ಅವರು ತಕ್ಷಣ ಒಂದು ಘಟನೆ ಹೇಳಿದರೆ, ನಗುತ್ತಾ ಹೇಳಿದರೂ ಬೈಯುತ್ತಾ ಹೇಳಿದರೂ, ಒಳ್ಳೆಯದು. "ಇಲ್ಲಿ ಹಾಗೆ ಆಗೋದೇ ಇಲ್ಲ" ಅಂತ ಒಬ್ಬರ ಮುಖ ಒಬ್ಬರು ನೋಡಿದರೆ ಅಲ್ಲಿಗೆ ಹೋಗಬೇಡಿ. ಜೀವಕೋಶಗಳ ಜೊತೆ ಕೆಲಸ ಮಾಡುವ ಯಾವ ಲ್ಯಾಬಿನಲ್ಲೂ ಹಾಗೆ ಆಗದೆ ಇರುವುದಿಲ್ಲ. ಆ ಲ್ಯಾಬ್ ಬಿಟ್ಟು ಹೋದ ಇಬ್ಬರಿಗೆ ಫೋನ್ ಮಾಡಿ, ಒಬ್ಬರು ಸ್ವಂತ ಲ್ಯಾಬ್ ಕಟ್ಟಿದವರು, ಇನ್ನೊಬ್ಬರು ಪೇಪರ್ ಇಲ್ಲದೆ ಹೊರಬಿದ್ದವರು. ಎರಡನೆಯವರ ಹೆಸರು ವೆಬ್‌ಸೈಟಿನಲ್ಲಿ ಇರುವುದಿಲ್ಲ, ಹಳೆಯ ಪೇಪರ್‌ಗಳ ಲೇಖಕರ ಸಾಲಿನ ನಡುವೆ ಹುಡುಕಬೇಕು. ಮತ್ತೆ ಬಾಸ್‌ನ ಬಾಯಿಂದಲೇ ಒಂದು ವಿಷಯ ಕೇಳಿಕೊಳ್ಳಿ. ಹೋಗುವಾಗ ನನ್ನ ಪ್ರಾಜೆಕ್ಟನ್ನು ಜೊತೆಗೆ ಒಯ್ಯಬಹುದಾ? ಎಷ್ಟು ಭಾಗ? ಇದನ್ನು ಸೇರುವ ಮುಂಚೆ ಕೇಳಿದರೆ ಮರ್ಯಾದೆಯ ಪ್ರಶ್ನೆ. ಐದನೇ ವರ್ಷದಲ್ಲಿ ಕೇಳಿದರೆ ಜಗಳ. ಒಳ್ಳೆಯ ಸ್ನೇಹಿತರಂತಿದ್ದವರು ಈ ಒಂದು ಮಾತಿಗೆ ಮುಖ ತಿರುಗಿಸಿದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ಮುಂದೆ ಸಮಯ. ಪೋಸ್ಟ್‌ಡಾಕ್‌ಗೆ ಕೊನೆಯ ದಿನ ಅಂತ ಇರುವುದಿಲ್ಲ, ಅದೇ ತೊಂದರೆ. ಇನ್ನೊಂದು ಪೇಪರ್, ಇನ್ನೊಂದು ವರ್ಷ ಅಂತ ಎಳೆದುಕೊಂಡು ಹೋಗುತ್ತದೆ. ಆದರೆ ಗ್ರ್ಯಾಂಟ್ ಕೊಡುವವರ ಹತ್ತಿರ ಗಡಿಯಾರ ಇದೆ. ಎನ್‌ಐಎಚ್‌ನ ಕೆ99 ಗ್ರ್ಯಾಂಟ್ ಪೋಸ್ಟ್‌ಡಾಕ್‌ನಿಂದ ಸ್ವಂತ ಲ್ಯಾಬಿಗೆ ದಾಟಿಸುವಂಥದ್ದು, ಅದಕ್ಕೆ ಅರ್ಜಿ ಹಾಕಲು ಪೋಸ್ಟ್‌ಡಾಕ್ ಅನುಭವ 4 ವರ್ಷ ದಾಟಿರಬಾರದು ಅನ್ನುವ ನಿಯಮ ಇದೆ. ಯೂರೋಪಿನ ಮೇರಿ ಕ್ಯೂರಿ ಪೋಸ್ಟ್‌ಡಾಕ್ ಫೆಲೋಶಿಪ್‌ಗೆ ಪಿಎಚ್‌ಡಿ ನಂತರದ ಸಂಶೋಧನೆ 8 ವರ್ಷದೊಳಗೆ ಇರಬೇಕು. ಮಗು ಹುಟ್ಟಿದ್ದಕ್ಕೆ, ಕಾಯಿಲೆಗೆ ರಜೆ ತೆಗೆದುಕೊಂಡಿದ್ದರೆ ವಿನಾಯಿತಿ ಸಿಗಬಹುದು, ಅದನ್ನು ಕೇಳಿ ಪಡೆಯಲು ಸಂಕೋಚ ಬೇಡ. ಹಾಗಾಗಿ ಸೇರಿದ ದಿನವೇ ಒಂದು ತಾರೀಕು ಬರೆದುಕೊಳ್ಳಿ, ಮೂರನೇ ವರ್ಷದ ಕೊನೆ ಅಂತ ಇಟ್ಟುಕೊಳ್ಳಿ. ಆ ದಿನ ನಿಮ್ಮ ಕೈಯಲ್ಲಿ ನಿಮ್ಮದೇ ಅನ್ನುವ ಒಂದು ಪ್ರಶ್ನೆ ಇದೆಯಾ, ಅದು ಬಾಸ್‌ನ ಪ್ರಶ್ನೆಗಿಂತ ಬೇರೆಯಾಗಿ ಕಾಣುತ್ತದಾ ಅಂತ ನೋಡಿ. ಇಲ್ಲದಿದ್ದರೆ ಬೇರೆ ದಾರಿ ಹುಡುಕುವುದಕ್ಕೆ ಆಗಲೇ ಶುರು ಮಾಡಿ, ಆರನೇ ವರ್ಷದ ತನಕ ಕಾಯಬೇಡಿ.

ನೀವು ಈ ಕೆಲಸಕ್ಕೆ ಆಗುತ್ತೀರಾ? ನೀವು ನೇರವಾಗಿ ಕೇಳಿಲ್ಲ, ಆದರೆ ಸಾಲುಗಳ ನಡುವೆ ಅದೇ ಇದೆ. ಪೇಪರ್ ಕಳಿಸುವ ಹೊತ್ತಿಗೆ, ಯಾರೂ ಕೇಳದೆ, ಆಗಲೇ ಮೂರು ಸಲ ಬಂದಿದ್ದ ಬ್ಲಾಟನ್ನು ನೀವು ಮತ್ತೆ ಮಾಡಿದ್ದೀರಿ. ಬರದಿದ್ದಾಗ ಮತ್ತೆ ಮಾಡಿದ್ದೀರಿ. ನನ್ನ ಲ್ಯಾಬಿಗೆ ಬರುವವರಲ್ಲಿ ನಾನು ಹುಡುಕುವುದೇ ಇದನ್ನು.

ಸೋಮವಾರ ಗೈಡ್ ಹತ್ತಿರ ಹೋಗುವಾಗ ಏಳೂ ಬ್ಲಾಟ್‌ಗಳನ್ನು ಒಂದೇ ಕಾಗದದ ಮೇಲೆ, ತಾರೀಕಿನ ಕ್ರಮದಲ್ಲಿ, ಕತ್ತರಿಸದೆ ಪೂರ್ತಿ ಮೆಂಬ್ರೇನ್ ಕಾಣುವ ಹಾಗೆ ಪ್ರಿಂಟ್ ಮಾಡಿಕೊಳ್ಳಿ. ಪ್ರತಿಯೊಂದರ ಕೆಳಗೆ ಪ್ಯಾಸೇಜ್ ನಂಬರ್, ಆಂಟಿಬಾಡಿ ಲಾಟ್, ಸೀರಮ್ ಲಾಟ್ ಬರೆಯಿರಿ. ನೋಟ್‌ಬುಕ್‌ನಲ್ಲಿ ಇಲ್ಲದ್ದನ್ನು ಊಹಿಸಿ ತುಂಬಬೇಡಿ, ಖಾಲಿ ಬಿಡಿ. ಮಾತು ಶುರು ಮಾಡುವುದಕ್ಕೆ ತುಂಬಾ ಪೀಠಿಕೆ ಬೇಡ. "ಮೊದಲ ಚಿತ್ರ ಈಗ ರಿಪೀಟ್ ಆಗ್ತಿಲ್ಲ, ನಾಲ್ಕು ಸಲ ನೋಡಿದೆ, ಇಲ್ಲಿದೆ, ಹಳೆಯ ಲೈಸೇಟ್ ಜೊತೆ ಈ ಜೆಲ್ ಮಾಡ್ಬೇಕು ಅಂತಿದ್ದೇನೆ" ಅಂತ ಹೇಳಿ ಕಾಗದ ಮುಂದಿಡಿ. ಆ ಜೆಲ್‌ನಲ್ಲಿ ಏನು ಬಂತು ಅಂತ ನನಗೂ ಬರೆಯಿರಿ.